ಲ್ಯಾಕ್ಟೇಟ್ ಅಳತೆ: ಬ್ಲ್ಯಾಂಕ್ ವೆಲ್ ಸರಿಯಿದ್ದರೆ ಮಾತ್ರ ನಂಬಿ

ಲ್ಯಾಕ್ಟೇಟ್ ಪರೀಕ್ಷೆ ಅರ್ಧ ಕೆಡುವುದು, ವೆಲ್ ಎಂಬ ಸಣ್ಣ ಗುಳಿಗಳಿರುವ ಪ್ಲೇಟ್ ಹಿಡಿಯುವ ಮೊದಲೇ. ಕೆಂಪು ರಕ್ತಕಣಗಳು ಟ್ಯೂಬಿನೊಳಗೂ ಗ್ಲೂಕೋಸ್ ಒಡೆದು ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಹಾಗಾಗಿ ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್ ಇರುವ ಟ್ಯೂಬಿನಲ್ಲೇ ರಕ್ತ ತೆಗೆದುಕೊಂಡು, ಕೂಡಲೇ ಐಸ್‌ನಲ್ಲಿಟ್ಟು, 15 ನಿಮಿಷದೊಳಗೆ ಪ್ಲಾಸ್ಮಾ ಬೇರ್ಪಡಿಸುತ್ತೇನೆ. ಕೈಗವಸು ಕಡ್ಡಾಯ, ಬೆವರಿನಲ್ಲೂ ಲ್ಯಾಕ್ಟೇಟ್ ಧಾರಾಳವಾಗಿದೆ.

ನಾನು ಬಳಸುವುದು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ವಿಧಾನ. ಕಿಣ್ವ ಲ್ಯಾಕ್ಟೇಟನ್ನು ಪೈರುವೇಟ್ ಮಾಡುವಾಗ ಎನ್‌ಎಡಿಎಚ್ ಎಂಬ ಅಣು ಹುಟ್ಟುತ್ತದೆ, ಅದು ಟೆಟ್ರಜೋಲಿಯಂ ಉಪ್ಪನ್ನು ಹಳದಿ-ಕಿತ್ತಳೆ ಬಣ್ಣದ ಫಾರ್ಮಜಾನ್ ಆಗಿಸುತ್ತದೆ. ಆ ಬಣ್ಣ ಎಷ್ಟು ಗಾಢ ಎಂದು 450 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಓದುತ್ತೇನೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಬ್ಲ್ಯಾಂಕ್. ಪ್ರತಿ ಸ್ಯಾಂಪಲ್‌ಗೂ ಕಿಣ್ವ ಹಾಕದ ಒಂದು ವೆಲ್ ಇಡಬೇಕು. ಅದೇ ಬ್ಲ್ಯಾಂಕ್, ಅದರ ಬಣ್ಣವನ್ನು ಸ್ಯಾಂಪಲ್‌ನ ಬಣ್ಣದಿಂದ ಕಳೆಯುತ್ತೇವೆ. ಆಸ್ಕಾರ್ಬೇಟ್ (ವಿಟಮಿನ್ ಸಿ), ಗಂಧಕವಿರುವ ಥಯಾಲ್‌ಗಳು, ಮೊದಲೇ ಇರುವ ಎನ್‌ಎಡಿಎಚ್ ಕೂಡ ಬಣ್ಣ ತರುತ್ತವೆ. ಆದರೆ ಸ್ಯಾಂಪಲ್‌ನಲ್ಲೇ ಈ ಕಿಣ್ವ ಇದ್ದರೆ? ನಾವು ಹಾಕದಿದ್ದರೂ ಬ್ಲ್ಯಾಂಕ್ ವೆಲ್‌ನಲ್ಲಿ ನಿಜವಾದ ಲ್ಯಾಕ್ಟೇಟೇ ಬಣ್ಣವಾಗುತ್ತದೆ. ಅದನ್ನು ಕಳೆದರೆ ಉತ್ತರ ಕಡಿಮೆ ಬರುತ್ತದೆ, ನೋಡಲು ಮಾತ್ರ ಎಲ್ಲ ಸರಿಯಾಗಿರುತ್ತದೆ. ರಕ್ತಕಣ ಒಡೆದು ಕೆಂಪಾದ ಪ್ಲಾಸ್ಮಾದಲ್ಲಿ ಇದು ವಿಪರೀತ. ಅದಕ್ಕೇ ಮೊದಲು 10 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ಸೋಸಿ ಪ್ರೋಟೀನ್‌ಗಳನ್ನು, ಅವುಗಳ ಜೊತೆ ಈ ಕಿಣ್ವವನ್ನೂ, ತೆಗೆಯುತ್ತೇನೆ. ಹಾಗೆ ಮಾಡದ ಪ್ಲಾಸ್ಮಾದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ.

ಸ್ಟ್ಯಾಂಡರ್ಡ್‌ಗೆ, ಅಂದರೆ ಹೋಲಿಕೆಗೆ ಇಡುವ ಗೊತ್ತಿರುವ ಪ್ರಮಾಣದ ಲ್ಯಾಕ್ಟೇಟ್‌ಗೆ, 1 ಮಿಲಿಮೋಲಾರ್ ದ್ರಾವಣದಿಂದ 2 ಮೈಕ್ರೋಲೀಟರ್ ಹಾಕುವ ಗೋಜು ಬೇಡ, ಅಷ್ಟು ಸಣ್ಣ ಅಳತೆಯಲ್ಲಿ ಪಿಪೆಟ್ ತಪ್ಪುತ್ತದೆ. 0.2 ಮಿಲಿಮೋಲಾರ್‌ಗೆ ಇಳಿಸಿ 0, 10, 20, 30, 40, 50 ಮೈಕ್ರೋಲೀಟರ್ ಹಾಕಿ, ಬಫರಿನಿಂದ 50ಕ್ಕೆ ತುಂಬಿಸಿದರೆ ವೆಲ್‌ಗೆ 0ರಿಂದ 10 ನ್ಯಾನೊಮೋಲ್ ಸಿಗುತ್ತದೆ. ಸ್ಯಾಂಪಲ್ ಕೂಡ 50, ಮೇಲೆ ಕಿಣ್ವ, ಟೆಟ್ರಜೋಲಿಯಂ ಇರುವ ರಿಯಾಕ್ಷನ್ ಮಿಕ್ಸ್ 50 (ಬ್ಲ್ಯಾಂಕ್‌ಗೆ ಕಿಣ್ವವಿಲ್ಲದ್ದು). ಗುಳ್ಳೆಗಳನ್ನು ಸೂಜಿಯಿಂದ ಒಡೆದು, ಬೆಳಕು ತಾಗದಂತೆ 30 ನಿಮಿಷ ಇಡುತ್ತೇನೆ.

ಲೆಕ್ಕ ಹೀಗೆ: ಪ್ಲಾಸ್ಮಾ ಹತ್ತು ಪಟ್ಟು ತೆಳುವಾಗಿಸಿದ್ದು, ವೆಲ್‌ನಲ್ಲಿ ಬ್ಲ್ಯಾಂಕ್ ಕಳೆದು 6 ನ್ಯಾನೊಮೋಲ್ ಬಂತು ಎನ್ನಿ. 6ನ್ನು 50ರಿಂದ ಭಾಗಿಸಿದರೆ 0.12 ಮಿಲಿಮೋಲಾರ್, ಹತ್ತರಿಂದ ಗುಣಿಸಿದರೆ 1.2 ಮಿಲಿಮೋಲಾರ್. ಓದಿದ್ದು 10 ನ್ಯಾನೊಮೋಲ್ ದಾಟಿದರೆ ಸ್ಟ್ಯಾಂಡರ್ಡ್‌ಗಳಿಂದ ಬರೆದ ಗೆರೆಯನ್ನು ಮುಂದಕ್ಕೆ ಎಳೆಯಬೇಡಿ, ಇನ್ನಷ್ಟು ತೆಳುವಾಗಿಸಿ ಮತ್ತೆ ಮಾಡಿ.

ರಕ್ತ ತೆಗೆದ ಟ್ಯೂಬಿನ ಆಕ್ಸಲೇಟ್ ಈ ಕಿಣ್ವವನ್ನು ತಡೆಯಬಲ್ಲದು. ಹಾಗಾಗಿ ಒಂದು ಸ್ಯಾಂಪಲ್ ವೆಲ್‌ಗೆ 2 ನ್ಯಾನೊಮೋಲ್ ಲ್ಯಾಕ್ಟೇಟ್ ಬೇಕೆಂದೇ ಸೇರಿಸಿ, ಅಷ್ಟೂ ಮರಳಿ ಬರುತ್ತದೆಯೇ ನೋಡುತ್ತೇನೆ. ಕೋಶ ಬೆಳೆಸಿದ ಮಾಧ್ಯಮವಾದರೆ ಸೀರಮ್‌ನಲ್ಲೇ ಲ್ಯಾಕ್ಟೇಟ್ ಇರುತ್ತದೆ. ಕೋಶವಿಲ್ಲದ ಅದೇ ಮಾಧ್ಯಮವನ್ನು ಅಷ್ಟೇ ಹೊತ್ತು ಇನ್‌ಕ್ಯುಬೇಟರಿನಲ್ಲಿಟ್ಟು ಜೊತೆಗೇ ಅಳೆದು ಕಳೆಯಬೇಕು.