ಗರ್ಭಧಾರಣೆಯ ಚಿಕಿತ್ಸೆಗೆ ಮೊದಲು ತೂಕ ಇಳಿಸುವುದು: ಎಷ್ಟು, ಹೇಗೆ, ಎಲ್ಲಿಯವರೆಗೆ

‘ಮೊದಲು ತೂಕ ಇಳಿಸಿಕೊಂಡು ಬನ್ನಿ’ ಎಂದು ವೈದ್ಯರು ಹೇಳಿದಾಗ, ಎಷ್ಟು ಕಿಲೋ ಇಳಿಸಬೇಕು ಮತ್ತು ಎಷ್ಟು ತಿಂಗಳು ಕಾಯಬೇಕು ಎಂಬುದನ್ನು ಅಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳಿ. ಅವಧಿಯಿಲ್ಲದ ಸಲಹೆಯಿಂದ ವರ್ಷಗಳೇ ಕಳೆದುಹೋಗುತ್ತವೆ.

ಕಿಲೋಗಳಲ್ಲಿರುವ ತೂಕವನ್ನು ಮೀಟರ್‌ಗಳಲ್ಲಿರುವ ಎತ್ತರದ ವರ್ಗದಿಂದ (ಎತ್ತರ × ಎತ್ತರ) ಭಾಗಿಸಿದರೆ, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಬಿಎಂಐ ದೊರೆಯುತ್ತದೆ. ಭಾರತೀಯರಲ್ಲಿ 23ರಿಂದ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಪರಿಗಣಿಸುವ ರೂಢಿಯಿದೆ. 155 ಸೆಂ.ಮೀ. ಎತ್ತರದ, 72 ಕಿಲೋ ತೂಕದ ಮಹಿಳೆಯ ಬಿಎಂಐ ಸುಮಾರು 30. ಆಕೆ 55 ಕಿಲೋಗೆ ಇಳಿಯಲೇಬೇಕೆಂದೇನೂ ಇಲ್ಲ. ಹಾರ್ಮೋನ್ ಏರುಪೇರಿನಿಂದ ಮುಟ್ಟು, ಅಂಡೋತ್ಪತ್ತಿ ಕ್ರಮ ತಪ್ಪುವ ಪಿಸಿಓಎಸ್ ತೊಂದರೆ ಇರುವವರಲ್ಲಿ ತೂಕದ ಶೇ 5ರಷ್ಟು, ಅಂದರೆ ಈಕೆಗೆ ಮೂರೂವರೆ ಕಿಲೋದಷ್ಟು ಇಳಿದರೂ ಇನ್ಸುಲಿನ್ ಮಟ್ಟ ತಗ್ಗಿ, ಮುಟ್ಟು ಕ್ರಮಕ್ಕೆ ಬಂದು, ಅಂಡೋತ್ಪತ್ತಿ ಮರಳುವ ಸಾಧ್ಯತೆಯಿರುತ್ತದೆ.

ಊಟವನ್ನು ಬಿಡುವುದಲ್ಲ, ತಟ್ಟೆಯ ಪ್ರಮಾಣವನ್ನು ಬದಲಿಸುವುದು ಮುಖ್ಯ. ಅನ್ನವನ್ನೋ ಮುದ್ದೆಯನ್ನೋ ಅರ್ಧಕ್ಕೆ ಇಳಿಸಿ, ಆ ಜಾಗವನ್ನು ಪಲ್ಯ, ಸೊಪ್ಪು, ಮೊಳಕೆಕಾಳು, ಮೊಟ್ಟೆಗಳಿಂದ ತುಂಬಿಸಬೇಕು. ರಾಗಿ ಎಷ್ಟು ತಿಂದರೂ ತೂಕ ಏರುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ದಿನಕ್ಕೆ ನಾಲ್ಕು ಲೋಟ ಸಕ್ಕರೆ ಹಾಕಿದ ಕಾಫಿ ಕುಡಿಯುವವರು ಅಲ್ಲಿಂದಲೇ ಆರಂಭಿಸಬಹುದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯೂ ಇರಲಿ. ಉಪವಾಸ ಬಿದ್ದು ತೂಕ ಇಳಿಸುವುದು ಬೇಡ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ಪಡೆಯುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ಗರ್ಭಧಾರಣೆಗೆ ಪ್ರಯತ್ನಿಸುವ ಕನಿಷ್ಠ ಎರಡು ತಿಂಗಳು ಮೊದಲು ಅದನ್ನು ನಿಲ್ಲಿಸಬೇಕಾಗುತ್ತದೆ.

ಇದೆಲ್ಲ ನಡೆಯುವಾಗ ಉಳಿದ ತಪಾಸಣೆಗಳನ್ನು ಮುಂದೂಡಬಾರದು. ಥೈರಾಯ್ಡ್, ಸಕ್ಕರೆ, ರಕ್ತದೊತ್ತಡಗಳ ಜೊತೆಗೆ ಪತಿಯ ವೀರ್ಯಪರೀಕ್ಷೆಯೂ ಆಗಬೇಕು. ದೋಷವೆಲ್ಲ ಹೆಣ್ಣಿನ ಮೈತೂಕದ್ದೇ ಎಂದು ಮನೆಯವರು ತೀರ್ಮಾನಿಸಿ ಕುಳಿತಾಗ ಈ ಸರಳ ಪರೀಕ್ಷೆಯೇ ತಪ್ಪಿಹೋಗುವುದುಂಟು. ಫೋಲಿಕ್ ಆಮ್ಲದ ಮಾತ್ರೆಯನ್ನು ಈಗಲೇ ಆರಂಭಿಸಬೇಕು. ಬೊಜ್ಜು ಇರುವವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದಾದ್ದರಿಂದ ಅದನ್ನು ವೈದ್ಯರೇ ನಿರ್ಧರಿಸಲಿ.

ನೆದರ್ಲೆಂಡ್ಸ್‌ನಲ್ಲಿ ಬಿಎಂಐ 29 ಅಥವಾ ಹೆಚ್ಚಿದ್ದ 577 ಮಹಿಳೆಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವನ್ನು ಇಲ್ಲಿ ಗಮನಿಸಬೇಕು. ಆರು ತಿಂಗಳ ಜೀವನಶೈಲಿ ಕಾರ್ಯಕ್ರಮದ ನಂತರ ಚಿಕಿತ್ಸೆಗೆ ಹೋದವರು ಸರಾಸರಿ 4.4 ಕಿಲೋ ಇಳಿಸಿದ್ದರು, ಅವರಲ್ಲಿ ಹೆಚ್ಚು ಮಂದಿ ಚಿಕಿತ್ಸೆಯಿಲ್ಲದೆ ಸಹಜವಾಗಿಯೇ ಗರ್ಭ ಧರಿಸಿದ್ದರು; ಆದರೂ ಎರಡು ವರ್ಷಗಳೊಳಗೆ ದಿನ ತುಂಬಿ, ಸಹಜ ಹೆರಿಗೆಯಲ್ಲಿ, ಆರೋಗ್ಯವಂತ ಒಂಟಿ ಮಗುವನ್ನು ಪಡೆದವರು ಅವರಲ್ಲಿ ಶೇ 27.1 ಇದ್ದರೆ, ಕೂಡಲೇ ಚಿಕಿತ್ಸೆ ಪಡೆದವರಲ್ಲಿ ಶೇ 35.2 ಇದ್ದರು. ಗರ್ಭಿಣಿಯ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಅಪಾಯ ತಗ್ಗಿಸಲು ತೂಕ ಇಳಿಸುವುದು ಒಳ್ಳೆಯದೇ, ಆದರೆ ಕಾಯುವುದಕ್ಕೂ ಬೆಲೆಯಿದೆ. ವಯಸ್ಸು 35 ದಾಟಿದವರು, ಅಂಡಗಳ ಸಂಗ್ರಹ ಕಡಿಮೆಯಿರುವವರು ತೂಕ ಇಳಿಸುವ ಪ್ರಯತ್ನ ಮತ್ತು ಚಿಕಿತ್ಸೆ ಎರಡನ್ನೂ ಜೊತೆಯಲ್ಲೇ ನಡೆಸಬಹುದೇ ಎಂದು ಮೊದಲ ಭೇಟಿಯಲ್ಲೇ ಕೇಳಬೇಕು.