ಪ್ಯಾಕ್ಟ್ ಆಕ್ಟ್: ಅಮೆರಿಕದ ಸೇನೆಯಲ್ಲಿದ್ದ ನಮ್ಮವರು ಕೇಳಿ ಪಡೆಯಬೇಕಾದದ್ದು

ಸೇವೆಯಲ್ಲಿದ್ದಾಗ ವಿಷದ ಹೊಗೆ, ರಾಸಾಯನಿಕ ತಾಗಿ ಕಾಯಿಲೆ ಬಿದ್ದ ಮಾಜಿ ಸೈನಿಕರಿಗೆ ಪರಿಹಾರ ಸಿಗುವುದನ್ನು ಸುಲಭ ಮಾಡಿದ ಅಮೆರಿಕದ ಕಾನೂನೇ ಪ್ಯಾಕ್ಟ್ ಆಕ್ಟ್. ಅಮೆರಿಕದ ಸೇನೆಗೂ ನಮಗೂ ಏನು ಸಂಬಂಧ ಅನ್ನಬೇಡಿ. ಗ್ರೀನ್ ಕಾರ್ಡ್ ಇದ್ದವರೂ ಸೇರಬಹುದು. ಇಲ್ಲೇ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಮಾತಂತೂ ಬಿಡಿ. ಇರಾಕ್, ಕುವೈತ್, ಅಫ್ಘಾನಿಸ್ತಾನಕ್ಕೆ ಹೋಗಿ ಬಂದವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಓದಿಸಿ.

ಅಲ್ಲಿನ ನೆಲೆಗಳಲ್ಲಿ ಕಸ ಸುಡೋಕೆ ದೊಡ್ಡ ಗುಂಡಿಗಳಿದ್ದವು. ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆ ಕಸ, ಮಲ ಎಲ್ಲವನ್ನೂ ವಿಮಾನದ ಇಂಧನ ಸುರಿದು ಸುಡುತ್ತಿದ್ದರು. ಆ ಹೊಗೆ ಕುಡಿದವರಿಗೆ ವರ್ಷಗಳ ನಂತರ ಕಾಯಿಲೆ ಬಂತು. ಓಹಾಯೋದ ಸಾರ್ಜೆಂಟ್ ಹೀತ್ ರಾಬಿನ್ಸನ್ ಶ್ವಾಸಕೋಶದ ಕ್ಯಾನ್ಸರ್‌ನಿಂದ 2020ರಲ್ಲಿ ತೀರಿಕೊಂಡರು. ಅವರ ಹೆಸರಿನ ಈ ಕಾನೂನಿಗೆ ಸಹಿ ಬಿದ್ದದ್ದು 2022ರ ಆಗಸ್ಟ್ 10ರಂದು.

ಮುಖ್ಯ ಬದಲಾವಣೆ ಒಂದೇ. ಮಾಮೂಲಿ ಕ್ಲೇಮಿನಲ್ಲಿ, ಅಂದರೆ ಪರಿಹಾರ ಕೇಳುವ ಅರ್ಜಿಯಲ್ಲಿ, ಕಾಯಿಲೆ ಸೇವೆಯಿಂದಲೇ ಬಂತು ಅಂತ ತೋರಿಸುವ ಹೊಣೆ ಅರ್ಜಿ ಹಾಕಿದವರದ್ದು. ಹತ್ತು ವರ್ಷದ ಹಿಂದಿನ ಹೊಗೆಗೆ ಯಾರು ಸಾಕ್ಷಿ ತರ್ತಾರೆ? ಈಗ ಆ ತಲೆನೋವಿಲ್ಲ. ಪಟ್ಟಿಯಲ್ಲಿರುವ ದೇಶದಲ್ಲಿ, ಹೇಳಿದ ಅವಧಿಯಲ್ಲಿ ನೀವಿದ್ದಿರಿ, ಪಟ್ಟಿಯಲ್ಲಿರುವ ಕಾಯಿಲೆ ನಿಮಗಿದೆ ಅಂದರೆ ನಂಟು ಇದೆ ಅಂತಲೇ ಮಾಜಿ ಸೈನಿಕರನ್ನು ನೋಡಿಕೊಳ್ಳುವ ವಿಎ ಇಲಾಖೆ ಒಪ್ಪಿಕೊಳ್ಳುತ್ತದೆ. ಇರಾಕ್, ಕುವೈತ್, ಸೌದಿ, ಕತಾರ್‌ಗೆ 1990ರ ಆಗಸ್ಟ್ 2ರಿಂದ ಲೆಕ್ಕ. ಅಫ್ಘಾನಿಸ್ತಾನ, ಸಿರಿಯಾ, ಜೋರ್ಡಾನ್‌ಗೆ 2001ರ ಸೆಪ್ಟೆಂಬರ್ 11ರಿಂದ. ಕಾಯಿಲೆ ಅಂದರೆ ಬರೀ ಕ್ಯಾನ್ಸರ್ ಅಲ್ಲ. ಸೇವೆಯ ನಂತರ ಕಾಣಿಸಿದ ಅಸ್ತಮಾ, ವಾಸಿಯಾಗದ ಸೈನಸ್, ಸದಾ ಸೋರುವ ಮೂಗೂ ಇದೆ. ‘ಇದು ಅಲರ್ಜಿ ಬಿಡು’ ಅಂತ ಸುಮ್ನೆ ಇರೋದು ನಮ್ಮವರ ಅಭ್ಯಾಸ, ಅಲ್ವಾ? ಡಾಕ್ಟರ ಹತ್ತಿರ ಹೋಗಿ ದಾಖಲೆ ಮಾಡಿಸಿ. ವಿಯೆಟ್ನಾಂ ಯುದ್ಧ ಕಾಲದವರಿಗೆ, ಆಗ ಕಾಡಿನ ಮೇಲೆ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಸಸ್ಯನಾಶಕದಿಂದ ಬರುವ ಕಾಯಿಲೆಗಳ ಪಟ್ಟಿಗೆ ಬಿಪಿಯೂ ಸೇರಿದೆ.

ಅರ್ಜಿ 21-526ಇಝಡ್ ನಮೂನೆಯಲ್ಲಿ, ಆನ್‌ಲೈನಲ್ಲೇ ಹಾಕಬಹುದು. ಕೊನೆಯ ದಿನಾಂಕ ಇಲ್ಲ. ಕಾಗದಪತ್ರ ಸಿದ್ಧವಿಲ್ಲದಿದ್ದರೆ ಮೊದಲು ‘ಇಂಟೆಂಟ್ ಟು ಫೈಲ್’, ಅಂದರೆ ಅರ್ಜಿ ಹಾಕಲಿದ್ದೇನೆ ಅನ್ನೋ ಸೂಚನೆ, ಕೊಟ್ಟುಬಿಡಿ. ಒಂದು ವರ್ಷದೊಳಗೆ ಪೂರ್ತಿ ಅರ್ಜಿ ಹಾಕಿ, ಮಂಜೂರಾದರೆ ಸಾಮಾನ್ಯವಾಗಿ ಆ ಸೂಚನೆ ಕೊಟ್ಟ ದಿನದಿಂದಲೇ ಹಣ ಎಣಿಸುತ್ತಾರೆ. ಆ ಹಣಕ್ಕೆ ಇಲ್ಲಿ ತೆರಿಗೆಯೂ ಇಲ್ಲ. ವಿಎ ಆಸ್ಪತ್ರೆಯಲ್ಲಿ ವಿಷ ತಾಗಿರಬಹುದೇ ಅಂತ ವಿಚಾರಿಸುವ ಟಾಕ್ಸಿಕ್ ಸ್ಕ್ರೀನಿಂಗ್ ಬೇರೆ, ಕ್ಲೇಮ್ ಬೇರೆ. ಸ್ಕ್ರೀನಿಂಗ್ ಆಯ್ತು ಅಂತ ಪರಿಹಾರಕ್ಕೆ ಕಾಯುತ್ತಾ ಕೂರಬೇಡಿ.

ಅರ್ಜಿ ಹಾಕಿದ ಮೇಲೆ ವೈದ್ಯಕೀಯ ಪರೀಕ್ಷೆಗೆ ಕರೆಯಬಹುದು. ಒಳಗೆ ಕಾಲಿಟ್ಟ ಕೂಡಲೇ ‘ಹೇಗಿದ್ದೀರಿ?’ ಅಂತಾರೆ. ನಮ್ಮ ಬಾಯಿಂದ ತಾನಾಗಿ ‘ಚೆನ್ನಾಗಿದ್ದೀನಿ’ ಬರುತ್ತದೆ. ಅಲ್ಲಿ ಮರ್ಯಾದೆ ಮಾತು ಬೇಡ. ಎರಡು ಮಹಡಿ ಹತ್ತಿದರೆ ಉಸಿರು ಎಲ್ಲಿ ನಿಲ್ಲುತ್ತದೆ, ರಾತ್ರಿ ಎಷ್ಟು ಸಲ ಕೆಮ್ಮಿ ಎದ್ದು ಕೂರುತ್ತೀರಿ, ಅದನ್ನೇ ಹೇಳಿ.

ಫೀಸು ಕೇಳುವ ಏಜೆಂಟರು ಫೋನ್ ಮಾಡಿದರೆ ಇಟ್ಟುಬಿಡಿ. ಮೊದಲ ಕ್ಲೇಮಿಗೆ ದುಡ್ಡು ಕೇಳುವ ಹಾಗೇ ಇಲ್ಲ. ಡಿಎವಿ, ವಿಎಫ್‌ಡಬ್ಲ್ಯು, ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಪುಕ್ಕಟೆ ಮಾಡಿಕೊಡ್ತಾರೆ.

ಪಟ್ಟಿಯ ಕಾಯಿಲೆಯಿಂದ ತೀರಿಕೊಂಡವರ ಗಂಡ ಅಥವಾ ಹೆಂಡತಿಗೆ ತಿಂಗಳ ಪರಿಹಾರ ಸಿಗಬಹುದು. ನಮ್ಮವರಿಗೆ ತೊಡಕಾಗೋದು ಹೆಸರು. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಡಿ-214 ಪತ್ರದಲ್ಲಿ ಒಂದು ಹೆಸರು, ಊರಿನ ಸಬ್‌ರಿಜಿಸ್ಟ್ರಾರ್ ಕೊಟ್ಟ ಮದುವೆ ಪತ್ರದಲ್ಲಿ ಇನಿಷಿಯಲ್ ಜೊತೆ ಇನ್ನೊಂದು. ಇಬ್ಬರೂ ಒಬ್ಬರೇ ಅನ್ನೋ ಅಫಿಡವಿಟ್ ಮೊದಲೇ ಮಾಡಿಸಿಡಿ. ಕನ್ನಡದ ಪತ್ರಕ್ಕೆ ಇಂಗ್ಲಿಷ್ ಅನುವಾದ ಲಗತ್ತಿಸಿ.

ಹಿಂದೆ ತಿರಸ್ಕಾರ ಆಗಿದ್ದರೂ ಸಪ್ಲಿಮೆಂಟಲ್ ಕ್ಲೇಮ್, ಅಂದರೆ ಮರು ಅರ್ಜಿ, ಹಾಕಬಹುದು, ನಮೂನೆ 20-0995. ನಿವೃತ್ತಿಯಾಗಿ ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೋಗುವವರು ವಿಎಯ ಫಾರಿನ್ ಮೆಡಿಕಲ್ ಪ್ರೋಗ್ರಾಂಗೆ ಹೊರಡುವ ಮುಂಚೆಯೇ ನೋಂದಾಯಿಸಿಕೊಳ್ಳಿ. ಸೇವೆಯಿಂದ ಬಂದದ್ದು ಅಂತ ಒಪ್ಪಿದ ಕಾಯಿಲೆಗೆ ಅಲ್ಲಿನ ಆಸ್ಪತ್ರೆಯ ಬಿಲ್ಲನ್ನೂ ಅವರು ಭರಿಸುತ್ತಾರೆ.