ಆರ್ ಸ್ಕ್ರಿಪ್ಟ್ ಓಡಿಸುವುದು ಹೇಗೆ? ಕನ್ಸೋಲ್‌ನಲ್ಲಿ ಸರಿಯಿದ್ದದ್ದು ಕಡತದಲ್ಲೇಕೆ ಮುಗ್ಗರಿಸುತ್ತದೆ?

ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ ಭಾಷೆಯಲ್ಲಿ ಸ್ಕ್ರಿಪ್ಟ್ ಎಂದರೆ ಬರೀ ಪಠ್ಯ ಕಡತ. ನೋಟ್‌ಪ್ಯಾಡ್‌ನಲ್ಲೂ ಬರೆಯಬಹುದು. ಓಡಿಸುವ ದಾರಿಗಳು ಮಾತ್ರ ಮೂರ್ನಾಲ್ಕಿವೆ. ಒಂದು ದಾರಿಯಲ್ಲಿ ಸರಾಗವಾಗಿ ಓಡಿದ ಕಡತ ಇನ್ನೊಂದರಲ್ಲಿ ಅರ್ಧಕ್ಕೇ ನಿಲ್ಲುವುದುಂಟು. ಆಗ ಎಷ್ಟೋ ಸಲ ಕೋಡ್‌ನಲ್ಲಿ ದೋಷ ಇರುವುದೇ ಇಲ್ಲ, ಓಡಿಸಿದ ಬಗೆಯಲ್ಲಿ ಇರುತ್ತದೆ. ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಈ ಭಾಷೆ ಮೂಲತಃ ಮಾತುಕತೆಯ ಭಾಷೆ: ಕನ್ಸೋಲ್ ಎಂಬ ಆಜ್ಞೆಯ ಕಿಟಕಿಯಲ್ಲಿ ನೀವು ಒಂದು ಸಾಲು ಕೊಟ್ಟರೆ ಅದು ಒಂದು ಉತ್ತರ ಕೊಡುತ್ತದೆ. ಎದುರಿಗೆ ಯಾರೂ ಇಲ್ಲದೆ ಇಡೀ ಕಡತ ಓಡುವಾಗ ಅದರ ನಡವಳಿಕೆ ಬದಲಾಗುತ್ತದೆ.

ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಆರ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ: 'ಸೋರ್ಸ್' ಪೂರ್ತಿ ಸಣ್ಣಕ್ಷರ, 'ಟ್ರೂ' ಪೂರ್ತಿ ದೊಡ್ಡಕ್ಷರ, 'ಆರ್‌ಸ್ಕ್ರಿಪ್ಟ್'ನ ಮೊದಲ ಅಕ್ಷರವಷ್ಟೇ ದೊಡ್ಡದು.

ಮೊದಲು ಕಡತ ಸರಿಯಿರಲಿ

ಕಡತದ ಹೆಸರು 'ಡಾಟ್ ಆರ್' ಎಂದು ಕೊನೆಯಾಗಬೇಕು. ನೋಟ್‌ಪ್ಯಾಡ್ ಅದರ ಹಿಂದೆ ಸದ್ದಿಲ್ಲದೆ 'ಡಾಟ್ ಟಿಎಕ್ಸ್‌ಟಿ' ಅಂಟಿಸಿಬಿಡಬಹುದು. ವಿಂಡೋಸ್ ಆ ಬಾಲವನ್ನು ಮರೆಮಾಡುವುದರಿಂದ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿ ಒಮ್ಮೆ ನೋಡಿಕೊಳ್ಳಿ. ವರ್ಡ್‌ನಿಂದ ಕೋಡ್ ಅಂಟಿಸಿದ್ದರೆ ಉದ್ಧರಣ ಚಿಹ್ನೆಗಳು ಬಾಗಿರುತ್ತವೆ. ಆರ್ ಒಪ್ಪುವುದು ನೇರ ಚಿಹ್ನೆಗಳನ್ನು ಮಾತ್ರ.

ಕೋಡ್‌ನೊಳಗೆ ಕನ್ನಡ ಪಠ್ಯ ಇದ್ದರೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ವಿಧಾನದಲ್ಲಿ ಉಳಿಸಿ. ವಿಂಡೋಸ್‌ನಲ್ಲಿ ಆರ್ 4.2.0ಕ್ಕಿಂತ ಹಳೆಯ ಆವೃತ್ತಿ ಇದ್ದರೆ 'ಕ' ಇರಬೇಕಾದ ಕಡೆ <ಯು+0ಸಿ95> ಎಂಬ ಸಂಕೇತ ಮುದ್ರಣವಾಗುವುದುಂಟು. ಅದು ಆ ಅಕ್ಷರದ ಯುನಿಕೋಡ್ ಸಂಖ್ಯೆ. 2022ರಲ್ಲಿ ಬಂದ 4.2.0ರಿಂದ ಈಚೆಗೆ, ಹೊಸ ವಿಂಡೋಸ್‌ಗಳಲ್ಲಿ ಈ ಕಾಟ ಇಲ್ಲ.

ಸೋರ್ಸ್: ಕನ್ಸೋಲ್ ಒಳಗಿಂದ ಓಡಿಸುವುದು

ಕನ್ಸೋಲ್‌ನಲ್ಲಿ ಸೋರ್ಸ್("ಸರಾಸರಿ.ಆರ್") ಎಂದು ಕೊಟ್ಟರೆ ಇಡೀ ಕಡತ ಓಡುತ್ತದೆ. ಆರ್ ಕೋಡ್ ಬರೆಯಲು ಬಳಸುವ ತಂತ್ರಾಂಶವಾದ ಆರ್‌ಸ್ಟುಡಿಯೋದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿದರೂ ಅದೇ ಕೆಲಸ. ಬರೀ ಕಂಟ್ರೋಲ್-ಎಂಟರ್ ಒತ್ತಿದರೆ ಕರ್ಸರ್ ಇರುವ ಆಜ್ಞೆ ಮಾತ್ರ ಓಡುತ್ತದೆ.

ಹೊಸಬರು ಇಲ್ಲೇ ಗಾಬರಿಯಾಗುತ್ತಾರೆ: ಕಡತ ಓಡಿತು, ತಪ್ಪು ಸಂದೇಶ ಇಲ್ಲ, ಆದರೆ ಉತ್ತರವೂ ಇಲ್ಲ! ಕನ್ಸೋಲ್‌ನಲ್ಲಿ ಮೀನ್(ಎಕ್ಸ್) ಎಂದರೆ ಸರಾಸರಿ ತಾನಾಗಿ ಕಾಣುತ್ತದೆ. ಸೋರ್ಸ್ ಆ ಸೌಜನ್ಯ ತೋರುವುದಿಲ್ಲ. ಲೆಕ್ಕ ಮಾಡುತ್ತದೆ, ತೆರೆಗೆ ತರುವುದಿಲ್ಲ. ಪ್ರಿಂಟ್(ಮೀನ್(ಎಕ್ಸ್)) ಎಂದು ಬರೆಯಿರಿ, ಇಲ್ಲವೇ ಸೋರ್ಸ್("ಸರಾಸರಿ.ಆರ್", ಎಕೋ = ಟ್ರೂ) ಎಂದು ಓಡಿಸಿ. ಚಿತ್ರ ಬರೆಯುವ ಪ್ಯಾಕೇಜ್ (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಕೋಡ್) ಆದ ಜಿಜಿಪ್ಲಾಟ್2ರಲ್ಲಿ ಬರೆದ ಚಿತ್ರ ಮಾಯವಾಗುವುದಕ್ಕೂ ಇದೇ ಕಾರಣ, ಪ್ರಿಂಟ್‌ನೊಳಗೆ ಹಾಕಿದರೆ ಬರುತ್ತದೆ. ಫಾರ್ ಲೂಪ್ (ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಕೋಡ್) ಒಳಗಿದ್ದರಂತೂ ಯಾವ ದಾರಿಯಲ್ಲಿ ಓಡಿಸಿದರೂ ಪ್ರಿಂಟ್ ಬೇಕೇ ಬೇಕು.

"ಕಡತ ತೆರೆಯಲಾಗುತ್ತಿಲ್ಲ" ಎಂಬರ್ಥದ ಸಂದೇಶ ಬಂದರೆ ಮೊದಲು ಗೆಟ್‌ಡಬ್ಲ್ಯೂಡಿ() ಕೊಟ್ಟು ನೋಡಿ. ಆರ್ ಹುಡುಕುವುದು ತಾನು ನಿಂತಿರುವ ಫೋಲ್ಡರ್‌ನಲ್ಲಿ, ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲಿ ಅಲ್ಲ. ಸೋರ್ಸ್‌ಗೆ ಸ್ಕ್ರಿಪ್ಟ್‌ನ ಪೂರ್ಣ ವಿಳಾಸ ಕೊಟ್ಟು 'ಸಿಎಚ್‌ಡಿಐಆರ್ = ಟ್ರೂ' ಸೇರಿಸಿದರೆ, ಓಡುವಷ್ಟು ಹೊತ್ತು ಅದು ಸ್ಕ್ರಿಪ್ಟ್‌ನ ಫೋಲ್ಡರ್‌ಗೇ ಹೋಗಿ ನಿಲ್ಲುತ್ತದೆ. ವಿಂಡೋಸ್‌ನಿಂದ ನಕಲಿಸಿದ ವಿಳಾಸದಲ್ಲಿ ಹಿಮ್ಮುಖ ಗೆರೆ (\) ಇರುತ್ತದೆ, ಆರ್ ಅದನ್ನು ವಿಶೇಷ ಚಿಹ್ನೆಯೆಂದು ಓದಿ ಗೊಂದಲಕ್ಕೆ ಬೀಳುತ್ತದೆ. ಎಲ್ಲವನ್ನೂ ಮುಮ್ಮುಖ ಗೆರೆಗೆ (/) ಬದಲಿಸಿ, ಇಲ್ಲವೇ ಎರಡೆರಡು ಹಿಮ್ಮುಖ ಗೆರೆ ಹಾಕಿ.

ಆರ್‌ಸ್ಕ್ರಿಪ್ಟ್: ಹೊರಗಿಂದ ಓಡಿಸುವುದು

ಟರ್ಮಿನಲ್ (ಕಂಪ್ಯೂಟರ್‌ಗೆ ನೇರ ಆಜ್ಞೆ ಕೊಡುವ ಕಿಟಕಿ) ತೆರೆದು, ಸ್ಕ್ರಿಪ್ಟ್ ಇರುವ ಫೋಲ್ಡರ್‌ಗೆ ಹೋಗಿ, 'ಆರ್‌ಸ್ಕ್ರಿಪ್ಟ್ ಸರಾಸರಿ.ಆರ್' ಎಂದು ಕೊಡಿ. ವಿಂಡೋಸ್ "ಇಂಥ ಆಜ್ಞೆ ಗೊತ್ತಿಲ್ಲ" ಎಂದರೆ, ಆರ್ ಸ್ಥಾಪನೆಯಾದ ಫೋಲ್ಡರ್‌ನೊಳಗಿನ 'ಬಿನ್' ಫೋಲ್ಡರನ್ನು ಪಾಥ್ ಪಟ್ಟಿಗೆ (ಆಜ್ಞೆಗಳನ್ನು ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸಿ, ಟರ್ಮಿನಲ್ ಮುಚ್ಚಿ ಮತ್ತೆ ತೆರೆಯಿರಿ.

ಸೋರ್ಸ್‌ಗೂ ಇದಕ್ಕೂ ಇರುವ ಒಂದು ವ್ಯತ್ಯಾಸ ಹಲವರ ಗಮನಕ್ಕೆ ಬಂದಿರುವುದಿಲ್ಲ. ಸೋರ್ಸ್ ಮೊದಲು ಇಡೀ ಕಡತದ ವ್ಯಾಕರಣ ಪರೀಕ್ಷಿಸುತ್ತದೆ. ಕೊನೆಯ ಸಾಲಿನಲ್ಲಿ ಒಂದು ಆವರಣ ಮುಚ್ಚದಿದ್ದರೂ ಮೊದಲ ಸಾಲು ಸಹ ಓಡುವುದಿಲ್ಲ. ಆರ್‌ಸ್ಕ್ರಿಪ್ಟ್ ಹಾಗಲ್ಲ, ಒಂದು ಹೇಳಿಕೆ ಓದಿ, ಓಡಿಸಿ, ಮುಂದಿನದಕ್ಕೆ ಹೋಗುತ್ತದೆ. ಎಂಬತ್ತನೇ ಸಾಲಿನಲ್ಲಿ ತಪ್ಪಿದ್ದರೆ ಅದಕ್ಕೂ ಮೊದಲಿನ ಸಾಲುಗಳು ಹಳೆಯ ಕಡತ ಅಳಿಸಿ, ಹೊಸದನ್ನು ಅರ್ಧ ಬರೆದು ಆಗಿಹೋಗಿರಬಹುದು. ಕಡತಗಳನ್ನು ಅಳಿಸುವ, ತಿದ್ದುವ ಸ್ಕ್ರಿಪ್ಟ್ ಆಗಿದ್ದರೆ ಓಡಿಸುವ ಮುನ್ನ ಪಾರ್ಸ್("ಸರಾಸರಿ.ಆರ್") ಕೊಟ್ಟು ವ್ಯಾಕರಣವನ್ನಷ್ಟೇ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಆರ್‌ಸ್ಕ್ರಿಪ್ಟ್‌ನಲ್ಲಿ ಓಡುವಾಗ ಚಿತ್ರ ತೋರಿಸಲು ಕಿಟಕಿ ಇಲ್ಲ. ಅದು ಫೋಲ್ಡರ್‌ನಲ್ಲಿ 'ಆರ್‌ಪ್ಲಾಟ್ಸ್' ಎಂಬ ಪಿಡಿಎಫ್ ಆಗಿ ಬೀಳುತ್ತದೆ. ನಿಮಗೆ ಬೇಕಾದ ಹೆಸರಲ್ಲಿ ಬೇಕಿದ್ದರೆ ಪಿಎನ್‌ಜಿ() ತೆರೆದು, ಚಿತ್ರ ಬರೆದು, ಡೆವ್.ಆಫ್() ಕೊಟ್ಟು ಮುಚ್ಚಿ. ಹಾಗೆಯೇ ರೀಡ್‌ಲೈನ್() ಇಲ್ಲಿ ಉತ್ತರಕ್ಕೆ ಕಾಯುವುದೇ ಇಲ್ಲ, ಖಾಲಿ ಪಠ್ಯ ಹಿಡಿದುಕೊಂಡು ಮುಂದೆ ಸಾಗುತ್ತದೆ.

ಹೊರಗಿಂದ ಮೌಲ್ಯ ಕೊಡಬೇಕಾದರೆ ಆಜ್ಞೆಯ ಕೊನೆಗೆ ಬರೆಯಿರಿ: 'ಆರ್‌ಸ್ಕ್ರಿಪ್ಟ್ ಸರಾಸರಿ.ಆರ್ 10'. ಒಳಗೆ ಕಮಾಂಡ್‌ಆರ್ಗ್ಸ್(ಟ್ರೇಲಿಂಗ್‌ಓನ್ಲಿ = ಟ್ರೂ) ಅದನ್ನು ಎತ್ತಿಕೊಳ್ಳುತ್ತದೆ. ಆದರೆ ಬರುವುದೆಲ್ಲ ಪಠ್ಯ, ಸಂಖ್ಯೆ ಅಲ್ಲ. ಆ 10ಕ್ಕೆ 1 ಕೂಡಿಸಿದರೆ ಆರ್ ಜಗಳ ತೆಗೆಯುತ್ತದೆ, ಅದು ಒಳ್ಳೆಯದೇ. ಕೆಡುಕಾಗುವುದು ಹೋಲಿಸಿದಾಗ. 9 ಎಂಬ ಸಂಖ್ಯೆಯನ್ನು "10" ಎಂಬ ಪಠ್ಯದೊಂದಿಗೆ ಹೋಲಿಸಿದರೆ ಆರ್ ಎರಡನ್ನೂ ಪಠ್ಯ ಮಾಡಿಕೊಂಡು, ಮೊದಲ ಅಕ್ಷರ ನೋಡಿ, 9 ದೊಡ್ಡದು ಎಂದು ತೀರ್ಪು ಕೊಡುತ್ತದೆ. ತಪ್ಪು ಸಂದೇಶವೂ ಇಲ್ಲ, ಎಚ್ಚರಿಕೆಯೂ ಇಲ್ಲ, ಫಲಿತಾಂಶ ಮಾತ್ರ ಹಾಳು. ಎತ್ತಿಕೊಂಡ ಕೂಡಲೇ ಆಸ್.ನ್ಯೂಮರಿಕ್() ಒಳಗೆ ಹಾಯಿಸಿಬಿಡಿ.

'ಆರ್ ಸಿಎಂಡಿ ಬ್ಯಾಚ್ ಸರಾಸರಿ.ಆರ್' ಎಂಬುದು ಹಳೆಯ ದಾರಿ. ಕೋಡ್ ಮತ್ತು ಉತ್ತರ ಎರಡನ್ನೂ 'ಆರ್‌ಔಟ್' ಬಾಲದ ಕಡತಕ್ಕೆ ಬರೆದು, ಕೊನೆಯಲ್ಲಿ ಹಿಡಿದ ಸಮಯವನ್ನೂ ಸೇರಿಸುತ್ತದೆ. ದಾಖಲೆ ಬೇಕೆನ್ನುವವರಿಗೆ ಈಗಲೂ ಉಪಯುಕ್ತ. ವಿಂಡೋಸ್‌ನ ಇನ್ನೊಂದು ಆಜ್ಞಾ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಇದು ಕೆಲಸ ಮಾಡದಿದ್ದರೆ ಆಶ್ಚರ್ಯ ಬೇಡ, ಅಲ್ಲಿ 'ಆರ್' ಎಂಬ ಒಂಟಿ ಅಕ್ಷರ ಹಿಂದಿನ ಆಜ್ಞೆ ಮರುಕಳಿಸುವ ಅಡ್ಡಹೆಸರು. ಸಾದಾ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ.

ಖಾಲಿ ಸೆಷನ್‌ನಲ್ಲಿ ಓಡಿಸಿ

ನಿನ್ನೆ ಕನ್ಸೋಲ್‌ನಲ್ಲಿ ಕೈಯಾರೆ ಮಾಡಿದ 'ಡೇಟಾ2' ಇನ್ನೂ ನೆನಪಿನಲ್ಲಿ ಕುಳಿತಿದ್ದರೆ, ಅದನ್ನು ತಯಾರಿಸುವ ಸಾಲು ಸ್ಕ್ರಿಪ್ಟ್‌ನಲ್ಲಿ ಇಲ್ಲದಿದ್ದರೂ ಸ್ಕ್ರಿಪ್ಟ್ ಓಡುತ್ತದೆ. ಬೇರೆಯವರ ಕಂಪ್ಯೂಟರ್‌ನಲ್ಲಿ ಓಡುವುದಿಲ್ಲ. ಮುಚ್ಚುವಾಗ ಆರ್ "ವರ್ಕ್‌ಸ್ಪೇಸ್ ಉಳಿಸಲೇ?" (ನೆನಪಿನಲ್ಲಿರುವುದನ್ನೆಲ್ಲ ಉಳಿಸಲೇ ಎಂದರ್ಥ) ಎಂದು ಕೇಳುವುದಕ್ಕೆ ಹೂಂ ಅಂದವರಿಗೆ ಈ ತೊಂದರೆ ಮನೆಮಾಡಿಕೊಂಡೇ ಇರುತ್ತದೆ. ಆರ್‌ಸ್ಟುಡಿಯೋದ ಗ್ಲೋಬಲ್ ಆಪ್ಷನ್ಸ್‌ನಲ್ಲಿ ವರ್ಕ್‌ಸ್ಪೇಸ್ ಮರಳಿ ತರುವ ಗುರುತು ತೆಗೆದು, ಉಳಿಸುವುದನ್ನು 'ನೆವರ್' ಮಾಡಿ. ನಂತರ ಕಂಟ್ರೋಲ್, ಶಿಫ್ಟ್, ಎಫ್10 ಒತ್ತಿ ಹೊಸ ಸೆಷನ್‌ನಲ್ಲಿ ಓಡಿಸಿ. ಸ್ಕ್ರಿಪ್ಟ್‌ನ ತಲೆಯಲ್ಲಿ ಆರ್‌ಎಂ ಆಜ್ಞೆ ಬರೆದು ಎಲ್ಲ ಅಳಿಸುವ ಅಭ್ಯಾಸ ಇದಕ್ಕೆ ಬದಲಿಯಲ್ಲ. ಅದು ಚರಾಂಶಗಳನ್ನು (ಹೆಸರಿಟ್ಟ ಮೌಲ್ಯಗಳನ್ನು) ಅಳಿಸೀತು, ಆಗಲೇ ತೆರೆದ ಪ್ಯಾಕೇಜ್‌ಗಳೂ ಬದಲಿಸಿದ ಆಯ್ಕೆಗಳೂ ಹಾಗೇ ಉಳಿಯುತ್ತವೆ.

ಆರ್‌ಸ್ಕ್ರಿಪ್ಟ್ ಉಳಿಸಿದ ವರ್ಕ್‌ಸ್ಪೇಸನ್ನು ತಾನಾಗಿ ತರುವುದಿಲ್ಲ. ಬ್ಯಾಚ್ ತರುತ್ತದೆ, ಕೊನೆಗೆ ಮತ್ತೆ ಉಳಿಸುತ್ತದೆ ಕೂಡ. 'ಬ್ಯಾಚ್' ಪದದ ನಂತರ ಎರಡು ಅಡ್ಡಗೆರೆ ಹಾಕಿ 'ವೆನಿಲಾ' ಸೇರಿಸಿದರೆ ಎರಡೂ ನಿಲ್ಲುತ್ತವೆ.

ರಾತ್ರಿ ತಾನಾಗಿ ಓಡುವಂತೆ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಶೆಡ್ಯೂಲರ್‌ಗಳಾದ ಕ್ರಾನ್ ಅಥವಾ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸುವಾಗ ಆರ್‌ಸ್ಕ್ರಿಪ್ಟ್‌ನದು, ಸ್ಕ್ರಿಪ್ಟ್‌ನದು, ದತ್ತಾಂಶದ್ದು, ಮೂರಕ್ಕೂ ಪೂರ್ಣ ವಿಳಾಸ ಕೊಡಿ, ಶೆಡ್ಯೂಲರ್‌ಗಳು ಯಾವ ಫೋಲ್ಡರ್‌ನಲ್ಲಿ ನಿಂತು ಓಡಿಸುತ್ತವೆಂಬ ಭರವಸೆ ಇಲ್ಲ. ಪ್ಯಾಕೇಜ್‌ಗಳನ್ನು ಮೊದಲೇ ಸ್ಥಾಪಿಸಿಟ್ಟಿರಿ. ಸ್ಕ್ರಿಪ್ಟ್‌ನೊಳಗೆ ಸ್ಥಾಪಿಸಲು ಹೊರಟರೆ, ಯಾವ ಕ್ರ್ಯಾನ್ ಮಿರರ್ (ಪ್ಯಾಕೇಜ್ ಇಳಿಸಿಕೊಳ್ಳುವ ತಾಣ) ಎಂದು ಕೇಳಲು ಯಾರೂ ಇಲ್ಲದೆ ಅದು ಅಲ್ಲೇ ನಿಲ್ಲುತ್ತದೆ. ಆಪ್ಷನ್ಸ್(ವಾರ್ನ್ = 1) ಎಂದು ಮೇಲೆ ಬರೆದರೆ ಎಚ್ಚರಿಕೆಗಳು ಹುಟ್ಟಿದ ಜಾಗದಲ್ಲೇ ದಾಖಲೆ ಕಡತವಾದ ಲಾಗ್‌ಗೆ ಬೀಳುತ್ತವೆ. ದತ್ತಾಂಶ ಖಾಲಿ ಬಂದರೆ ಮುಂದುವರಿಯದೆ ಕ್ವಿಟ್(ಸ್ಟೇಟಸ್ = 1) ಕೊಟ್ಟು ಹೊರಬನ್ನಿ. ಸೊನ್ನೆಯಲ್ಲದ ಆ ಸಂಖ್ಯೆ ನೋಡಿಯೇ ಶೆಡ್ಯೂಲರ್‌ಗೆ ಕೆಲಸ ಕೆಟ್ಟಿದೆಯೆಂದು ತಿಳಿಯುವುದು.